ತೊಲೆಗೆ ತಗಲುವ ನಾಲ್ಕು ಬೆರಳು

ಜಯನಗರದ ಮೂರನೇ ಬ್ಲಾಕಿನಲ್ಲಿ ಬೋರಣ್ಣನ ಮನೆ ಯಾವುದು ಎಂದು ಕೇಳಿದರೆ ಆ ಕಾಲದಲ್ಲಿ ಯಾರೂ ಮನೆಯ ನಂಬರು ಹೇಳುತ್ತಿರಲಿಲ್ಲ. "ಹೊಂಗೆಮರದ ಅಡಿ ದೊಡ್ಡ ಸ್ಟೇಷನ್ ವ್ಯಾಗನ್ ನಿಂತಿರುತ್ತಲ್ಲ, ಅದರ ಎದುರಿಗೆ" ಎಂದರೆ ಸಾಕಿತ್ತು. ಗಾಡಿ ಬೀದಿಯಲ್ಲಿ ನಿಲ್ಲುತ್ತಿದ್ದುದು ಬೋರಣ್ಣನಿಗೆ ಜಾಗವಿಲ್ಲದೆ ಅಲ್ಲ. ಕಾಂಪೌಂಡು ಇತ್ತು, ಅಗಲವಾದ ಗೇಟು ಇತ್ತು, ಗೇಟಿನೊಳಗೆ ಜೋಡೆತ್ತಿನ ಗಾಡಿ ಆರಾಮಾಗಿ ನಿಲ್ಲುವಂಥ ಪೋರ್ಟಿಕೋ ಇತ್ತು. ಆದರೆ ಪೋರ್ಟಿಕೋದ ತೊಲೆ ತಗ್ಗು, ವ್ಯಾಗನ್ನಿನ ತಲೆ ಎತ್ತರ. ಎರಡಕ್ಕೂ ನಾಲ್ಕು ಬೆರಳಿನ ಜಗಳ. ಆ ನಾಲ್ಕು ಬೆರಳಿಗಾಗಿ ಗಾಡಿ ಬಿಸಿಲು ಮಳೆ ತಿಂದುಕೊಂಡು, ಹೊಂಗೆಯ ಹೂವನ್ನೂ ಕಾಗೆಯ ಪ್ರಸಾದವನ್ನೂ ತಲೆಮೇಲೆ ಹೊತ್ತುಕೊಂಡು ನಿಂತಿರುತ್ತಿತ್ತು.

ತೊಲೆ ತಗ್ಗಾದದ್ದಕ್ಕೆ ಕಾರಣ ಬೋರಣ್ಣನೇ. ಅವನು ಹುಟ್ಟಿ ಬೆಳೆದದ್ದು ಅದೇ ನೆಲದಲ್ಲಿ. ಆಗ ಅದಕ್ಕೆ ಬ್ಲಾಕೂ ಇರಲಿಲ್ಲ, ಕ್ರಾಸೂ ಇರಲಿಲ್ಲ. ರಾಗಿ, ಅವರೆ, ಬದುವಿನ ಮೇಲೆ ಹುಚ್ಚೆಳ್ಳು, ಇಷ್ಟೇ. ಕೋಳಿ ಕೂಗುವ ಹೊತ್ತಿಗೆ ಸೊಪ್ಪಿನ ಗಾಡಿ ಕಟ್ಟಿಕೊಂಡು ಪೇಟೆಯ ಮಾರ್ಕೆಟ್ಟಿಗೆ ಹೋಗಿ, ಬಿಸಿಲೇರುವ ಮುಂಚೆ ಹಿಂದಿರುಗುವುದು ಅವನ ಬದುಕಾಗಿತ್ತು. ಬಡಾವಣೆ ಮಾಡುತ್ತೇವೆಂದು ಸರ್ಕಾರ ಹೊಲ ತೆಗೆದುಕೊಂಡಿತು. ಬದಲಿಗೆ ಒಂದು ಸೈಟು ಸಿಕ್ಕಿತು. ತಾನು ಉತ್ತ ಹೊಲದಲ್ಲೇ ಮನೆ ಕಟ್ಟಿಸಿದವನು ಎಂದು ಅವನು ಹೆಮ್ಮೆಪಡಬಹುದಿತ್ತು. ಆದರೆ ಯಾವ ಮೂಲೆಯಲ್ಲಿ ಬಾವಿಯಿತ್ತು, ಎಲ್ಲಿ ಕಣವಿತ್ತು ಎಂಬುದು ಅವನಿಗೇ ಗುರುತು ಸಿಗುತ್ತಿರಲಿಲ್ಲ. ಹಳೇ ಮನೆ ಕೆಡವಿದಾಗ ಉಳಿದ ಎರಡು ಕಲ್ಲುಕಂಬವನ್ನೂ ಒಂದು ಹಲಸಿನ ತೊಲೆಯನ್ನೂ ಹೊತ್ತು ತಂದು ಹೊಸ ಪೋರ್ಟಿಕೋಗೆ ನಿಲ್ಲಿಸಿದ. ಕಂಬ ಗಿಡ್ಡ, ಹಾಗಾಗಿ ತೊಲೆಯೂ ತಗ್ಗು. ಎತ್ತಿನ ಗಾಡಿಗೆ ಅಷ್ಟು ಸಾಕು ಎಂದು ಮೇಸ್ತ್ರಿಯ ಬಾಯಿ ಮುಚ್ಚಿಸಿದ. ಎತ್ತಿನ ಗಾಡಿಯ ಕಾಲ ಮುಗಿಯುತ್ತಿದೆ ಎಂಬುದು ಊರಿಗೆಲ್ಲ ತಿಳಿದಿತ್ತು, ಅವನೊಬ್ಬನನ್ನು ಬಿಟ್ಟು.

ಎತ್ತಿನ ಗಾಡಿ ಮಾರಿಸಿದವನು ಮಗ ಗಂಗಾಧರ. ಒಬ್ಬನೇ ಮಗ. ಯಾವುದೋ ಕಂಪನಿಯವರು ಹರಾಜಿಗಿಟ್ಟ ಅಮೆರಿಕದ ಹಳೆಯ ವ್ಯಾಗನ್ ಕೊಂಡು, ಹಿಂಭಾಗಕ್ಕೆ ತೇಗದ ಹಲಗೆ ಹೊಡೆಸಿ, ಎದುರುಬದುರು ಸೀಟು ಹಾಕಿಸಿದ. ಬೆಳಿಗ್ಗೆ ಸ್ಕೂಲಿನ ಹೆಣ್ಣುಮಕ್ಕಳು, ಮದುವೆ ಕಾಲದಲ್ಲಿ ದಿಬ್ಬಣ, ಮಿಕ್ಕ ದಿನ ಕನಕಪುರ ರಸ್ತೆಯಲ್ಲಿ ತಲಘಟ್ಟಪುರದವರೆಗೆ ಬಾಡಿಗೆ. ಮೊದಲ ದಿನ ಜಂಬದಿಂದ ಗಾಡಿಯನ್ನು ಮನೆಯೊಳಕ್ಕೆ ತರಲು ಹೋಗಿ, ತಲೆಯನ್ನು ತೊಲೆಗೆ ಗುದ್ದಿಸಿಕೊಂಡು ಹಿಂದಕ್ಕೆ ತೆಗೆದ. ಬೀದಿಯೆಲ್ಲ ನಕ್ಕಿತು. ಅವನೂ ನಕ್ಕ. ಆಮೇಲೆ ಅದರ ಗೋಜಿಗೆ ಹೋಗಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಗಂಗಾಧರನಿಗೆ ಕಾಮಾಲೆಯಾಯಿತು. ಹಳ್ಳಿಯ ಔಷಧಿ ಮುಗಿಸಿ ಸರ್ಕಾರಿ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಣ್ಣು ಅರಿಶಿನವಾಗಿ ಮಾತು ತೊದಲುತ್ತಿತ್ತು. ಅಲ್ಲೇ ತೀರಿಕೊಂಡ. ಅವನ ಗಾಡಿಯ ರಿಪೇರಿ ನೋಡುತ್ತಿದ್ದ ಕೊಟ್ರಪ್ಪನೇ ಸೀಟು ಬಿಚ್ಚಿಹಾಕಿ, ಅದೇ ವ್ಯಾಗನ್ನಿನಲ್ಲಿ ಅವನನ್ನು ಮಲಗಿಸಿಕೊಂಡು ಮನೆಗೆ ತಂದ.

ಗೇಟಿನ ಹತ್ತಿರ, ಉತ್ತರಹಳ್ಳಿಯಲ್ಲಿ ನೆಲೆಸಿದ್ದ ಬೋರಣ್ಣನ ಅಣ್ಣ ಚಿಕ್ಕಬೈರಪ್ಪ ಅಲ್ಲಿನ ಹಿರಿಯರನ್ನು ಕಟ್ಟಿಕೊಂಡು ನಿಂತಿದ್ದ. ಊರ ಹೊರಗೆ ಸತ್ತವರನ್ನು ಊರೊಳಕ್ಕೆ ತರಬಾರದು ಎಂಬುದು ಅವರ ಕಟ್ಟಳೆ. ಸರಿಯಪ್ಪ, ಹಳ್ಳಿಗಾದರೆ ಊರಬಾಗಿಲು ಇರುತ್ತದೆ, ಊರು ಕಟ್ಟಿದಾಗ ನೆಟ್ಟ ಕರಗಲ್ಲು ಇರುತ್ತದೆ, ಎಲ್ಲಿಂದ ಊರು ಎಂದು ಎಮ್ಮೆಗೂ ಗೊತ್ತಿರುತ್ತದೆ. ಜಯನಗರದಲ್ಲಿ ಊರು ಎಲ್ಲಿ ಶುರುವಾಗುತ್ತದೆ? ಸೌತ್ ಎಂಡಿನಲ್ಲೋ, ಲಾಲ್‌ಬಾಗಿನ ಬೇಲಿಯಲ್ಲೋ? ಹಿರಿಯರು ಸ್ವಲ್ಪ ಹೊತ್ತು ಗುಸುಗುಸು ಮಾಡಿ, ಬೋರಣ್ಣನ ಕಾಂಪೌಂಡಿನ ಗೇಟೇ ಊರಬಾಗಿಲು ಎಂದು ತೀರ್ಮಾನಿಸಿದರು. ಇಷ್ಟು ದೊಡ್ಡ ಬಡಾವಣೆಯಲ್ಲಿ ಅವರ ಕಣ್ಣಿಗೆ ಬಿದ್ದ ಗಡಿ ಅದೊಂದೇ. ಅದೇ ಬೀದಿಯಲ್ಲಿದ್ದ ನನಗೆ ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಪೋರ್ಟಿಕೋದಲ್ಲಿ ತಾಯಿ ನಾರಾಯಣಮ್ಮ ಚಾಪೆ ಹಾಸಿ ಕಾಯುತ್ತಿದ್ದಳು. ಗಾಡಿ ಗೇಟಿನಾಚೆಯೇ ನಿಂತದ್ದು ಕಂಡು "ಒಳಕ್ಕೆ ತನ್ನಿ, ಅವನನ್ನ ಒಳಕ್ಕೆ ತನ್ನಿ" ಎಂದು ಕೂಗಿದಳು. ಅಣ್ಣ ಬೇಡವೆಂದ ಎಂದು ಹೇಳುವ ಬಾಯಿ ಬೋರಣ್ಣನಿಗೆ ಬರಲಿಲ್ಲ. ಹೆಂಡತಿಯ ಮುಖ ನೋಡದೆ ಅವನು ಹೇಳಿದ್ದು ಇಷ್ಟು:

"ಗಾಡಿ ಒಳಕ್ಕೆ ಬರಲ್ಲ ಕಣೆ. ತೊಲೆ ತಗಲ್ತದೆ."

ನಾರಾಯಣಮ್ಮ ಅವನ ಮುಖವನ್ನೇ ನೋಡಿದಳು. ಇನ್ನೊಂದು ಸಲ ಕೂಗಲಿಲ್ಲ. ಹೊಂಗೆಮರದಡಿಯಲ್ಲೇ ನೀರು ಹಾಕಿ, ಹೂವು ಮುಡಿಸಿ, ಉತ್ತರಹಳ್ಳಿಯಲ್ಲಿ ಉಳಿದಿದ್ದ ಚೂರು ಹೊಲಕ್ಕೆ ತೆಗೆದುಕೊಂಡು ಹೋಗಿ ಮಣ್ಣು ಮಾಡಿದರು. ಅಂದಿನಿಂದ ನಾರಾಯಣಮ್ಮ ಗಂಡನೊಂದಿಗೆ ಮಾತು ಬಿಟ್ಟಳು.

ಹಾಗೆಂದು ಮುನಿಸಿಕೊಂಡು ತವರಿಗೆ ಹೋಗಲಿಲ್ಲ. ಮುದ್ದೆ ತಿರುವುವಳು, ತಟ್ಟೆ ಇಡುವಳು, ಸ್ನಾನಕ್ಕೆ ನೀರು ಕಾಯಿಸುವಳು. ಮಾತು ಮಾತ್ರ ಇಲ್ಲ. ಹೇಳಲೇಬೇಕಾದ್ದು ಏನಾದರೂ ಇದ್ದರೆ ಕಂಬಕ್ಕೋ ಕಡೆಯುವ ಕಲ್ಲಿಗೋ ಹೇಳುವಳು, "ಉಪ್ಪು ಮುಗೀತು" ಎಂದು. ಬೋರಣ್ಣ ಉಪ್ಪು ತರುವನು. ಅವನಿಗೂ ಅಳು ಬಂದಿರಲಿಲ್ಲ. ನೆಂಟರು ಬಂದು "ಅತ್ತುಬಿಡು ಬೋರ, ಎದೆ ಹಗುರಾಗ್ತದೆ" ಎಂದರೆ "ಹೂಂ" ಎನ್ನುವನು, ಬರುವುದಿಲ್ಲ. ಉಂಡದ್ದರ ರುಚಿ ಗೊತ್ತಾಗುತ್ತಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದ್ದೂ ರಕ್ತ ಕಂಡ ಮೇಲೆಯೇ ತಿಳಿಯುತ್ತಿತ್ತು. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತರೆ ಕಣ್ಣೆದುರಿಗೆ ತೊಲೆ, ಅದರಾಚೆ ಗೇಟು, ಅದರಾಚೆ ಗಾಡಿ. ಇಡೀ ದಿನ ಅದನ್ನೇ ನೋಡುವನು.

ಹೀಗೆ ನೋಡಿ ನೋಡಿ ಅವನ ತಲೆಗೆ ಒಂದು ವಿಚಾರ ಹೊಕ್ಕಿತು. ತೊಲೆ ತಗಲುತ್ತದೆ ಎಂದು ತಾನೇ ಹೇಳಿದ್ದು? ತಗಲದ ಹಾಗೆ ಮಾಡಿದರೆ? ಗಾಡಿ ಒಳಕ್ಕೆ ಬಂದರೆ ನಾರಾಯಣಮ್ಮ ಮತ್ತೆ ಮಾತಾಡಬಹುದು. ತಾನು ಹೇಳಿದ ಸುಳ್ಳನ್ನು ಅಷ್ಟು ಹೊತ್ತಿಗೆ ಅವನೇ ನಂಬಿಬಿಟ್ಟಿದ್ದ. ಮಳೆಗಾಲ ಹತ್ತಿರ ಬರುತ್ತಿತ್ತು, ತೇಗದ ಹಲಗೆ ಬಿರುಕು ಬಿಟ್ಟಿತ್ತು. ಮಗನದು ಎಂದು ಉಳಿದಿದ್ದ ವಸ್ತು ಅದೊಂದೇ, ಅದೂ ಬೀದಿಯಲ್ಲಿ.

ಪಕ್ಕದ ಮನೆಯ ಅನಂತಪದ್ಮನಾಭ ರಿಟೈರಾದ ಓವರ್‌ಸಿಯರು. ಅವರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

"ಬೋರಣ್ಣನವರೇ, ಗಾಡಿ ಯಾಕೆ ಮುಟ್ತೀರಿ? ಕಂಬದ ಕೆಳಗೆ ಒಂದೊಂದು ದಿಂಡುಗಲ್ಲು ಕೊಟ್ಟು ತೊಲೆ ಎತ್ತಿಸ್ಬಿಡಿ. ಎರಡು ದಿನದ ಕೆಲಸ."

"ವರ್ಷದ ಎಡೆ ಆಗೋವರ್ಗೂ ಮನೆಗೆ ಹಾರೆ ಮುಟ್ಟಿಸ್ಬಾರ್ದು ಸ್ವಾಮಿ. ಅಣ್ಣ ಹೇಳವ್ನೆ."

ಅನಂತಪದ್ಮನಾಭ ನಶ್ಯದ ಡಬ್ಬಿ ತೆಗೆದರು. ಬೋರಣ್ಣ ಹಾಗೆಯೇ. ಅಣ್ಣ ಹಾಕಿದ ಗೆರೆಯನ್ನು ಅವನು ಆಯುಸ್ಸಿನಲ್ಲಿ ದಾಟಿದವನಲ್ಲ. ತೊಲೆ ಎತ್ತುವಂತಿಲ್ಲವೆಂದ ಮೇಲೆ ಗಾಡಿಯೇ ಬಗ್ಗಬೇಕು. ಚಕ್ರದ ಗಾಳಿ ಇಳಿಸಿ ನೋಡಿದ. ಎರಡು ಬೆರಳೂ ಇಳಿಯಲಿಲ್ಲ, ಟೈರು ಮಾತ್ರ ಮಡಿಸಿಕೊಂಡಿತು. ಮತ್ತೆ ಗಾಳಿ ಹೊಡೆಸಿ, ಕೊಟ್ರಪ್ಪನ ಗ್ಯಾರೇಜಿಗೆ ನಡೆದುಕೊಂಡು ಹೋದ.

ಕೊಟ್ರಪ್ಪ ಬಳ್ಳಾರಿ ಕಡೆಯವನು. ಯಡಿಯೂರು ಕೆರೆಯ ಹತ್ತಿರ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಗ್ರೀಸು. ಗಂಗಾಧರನನ್ನು ಗಾಡಿಯಲ್ಲಿ ತಂದ ಮೇಲೆ ಅವನು ಬೋರಣ್ಣನ ಮನೆ ಕಡೆ ಮುಖ ಹಾಕಿರಲಿಲ್ಲ. ಬೋರಣ್ಣ ವಿಷಯ ಹೇಳಿದಾಗ ಮೊದಲು ನಂಬಲಿಲ್ಲ.

"ಗಾಡಿ ಎತ್ತರ ಮಾಡ್ರಿ ಅಂತ ಬರ್ತಾರ ಗೌಡ್ರ. ಗಿಡ್ಡ ಮಾಡು ಅಂತ ಯಾರೂ ಬಂದಿಲ್ಲ."

"ಆಗ್ತದೋ ಇಲ್ವೋ ಅಷ್ಟು ಹೇಳಪ್ಪ."

ಕೊಟ್ರಪ್ಪ ಅವನ ಜೊತೆ ಹೊಂಗೆಮರದ ಹತ್ತಿರ ಬಂದು, ಗಾಡಿಯಡಿ ತೂರಿ ನೋಡಿ ಹೊರಗೆ ಬಂದ. ಆ ಗಾಡಿಗೆ ನಾಲ್ಕು ಮೂಲೆಗೂ ಪಟ್ಟಿಯ ಕಮಾನು. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ಬಾಗು ಹೆಚ್ಚಿದ್ದರೆ ಗಾಡಿ ಎತ್ತರ, ಬಾಗು ಕಡಿಮೆಯಾದರೆ ಗಾಡಿ ತಗ್ಗು. ಎರಡು ಪಟ್ಟಿ ಕಿತ್ತು ಹಾಕಿದರೆ ಇಳಿಯುತ್ತದೆ, ಆದರೆ ಉಳಿದವು ಹಳ್ಳ ಬಂದ ಕಡೆ ಕುಕ್ಕರಿಸಿ ಮುರಿಯುತ್ತವೆ. ಇದ್ದ ಪಟ್ಟಿಯನ್ನೇ ಕುಲುಮೆಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಬಹುದು, ಆದರೆ ಉಕ್ಕಿನ ಕಸುವು ಹೋಗುತ್ತದೆ. ಬೇರೆ ಗಾಡಿಯದು, ಉದ್ದ ಅಗಲ ಇದಕ್ಕೆ ಹೊಂದುವಂಥದ್ದು, ಬಾಗು ಕಡಿಮೆಯಿರುವಂಥದ್ದು ಸಿಕ್ಕರೆ ಅದೇ ಸರಿ ಎಂದು ಕೊಟ್ರಪ್ಪ ಬಿಡಿಸಿ ಹೇಳಿದ. ಬೋರಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಎಷ್ಟು ಕಿವಿಗೆ ಬಿತ್ತೋ ದೇವರೇ ಬಲ್ಲ.

"ಒಂದು ಮಾತು ಹೇಳ್ರಿ" ಎಂದ ಕೊಟ್ರಪ್ಪ. "ಭಾರ ನೋಡಿ ಕಮಾನು ಆರಿಸಬೇಕಾಗ್ತದ. ಎಷ್ಟು ಮಂದಿ ಕೂರ್ತಾರ?"

"ಯಾರೂ ಕೂರಲ್ಲ."

"ಅಲ್ರಿ, ಬಾಡಿಗಿ..."

"ಯಾರೂ ಕೂರಲ್ಲ ಕೊಟ್ರಪ್ಪ. ನಿಂತಿರ್ತದೆ."

ಕೊಟ್ರಪ್ಪ ಚಿಂದಿಯಲ್ಲಿ ಕೈ ಒರೆಸಿಕೊಂಡ. ಮಂದಿ ತುಂಬಿದರೆ ಆ ಗಾಡಿ ತಾನಾಗಿಯೇ ತಗ್ಗುತ್ತದೆ, ಹಿಂದೆ ದಿಬ್ಬಣದವರು ಕೂತಾಗ ಎಷ್ಟು ಇಳಿಯುತ್ತಿತ್ತೆಂಬುದು ಅವನಿಗೆ ಗೊತ್ತಿತ್ತು. ಬೋರಣ್ಣನ ಎದುರಿಗೆ ಅದನ್ನು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಒಂದು ದಾರ ತೆಗೆದು ಪಟ್ಟಿಯ ಈ ತುದಿಯ ಕಣ್ಣಿನಿಂದ ಆ ತುದಿಯ ಕಣ್ಣಿಗೆ ಅಳೆದು, ಗಂಟು ಹಾಕಿ, ಜೇಬಿಗಿಟ್ಟುಕೊಂಡು ನಡೆಯಿರಿ ಎಂದ.

ಇಬ್ಬರೂ ಬಸ್ಸು ಹತ್ತಿ ಪೇಟೆಯ ಗುಜರಿಗೆ ಹೋದರು. ಸತ್ತ ಗಾಡಿಗಳ ಸಂತೆ ಅದು. ಬಾಗಿಲು ಒಂದು ಕಡೆ, ಲೈಟು ಒಂದು ಕಡೆ, ಕಮಾನಿನ ರಾಶಿ ಇನ್ನೊಂದು ಕಡೆ. ಬೋರಣ್ಣ ಪಂಚೆ ಎತ್ತಿಕಟ್ಟಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎತ್ತು ಕೊಳ್ಳಲು ಹೋದವನು ಹಲ್ಲು ಸುಳಿ ನೋಡುವಂತೆ ಒಂದೊಂದನ್ನೂ ಹೊರಗೆಳೆದು, ಬೆರಳಾಡಿಸಿ, ಕಲ್ಲಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿದ. ಸೀಳು ಬಿಟ್ಟದ್ದು ಒಡಕು ಒಡಕಾಗಿ ಸದ್ದು ಮಾಡುತ್ತದೆ. ನೇಗಿಲಿನ ಗುಳ ಕೊಳ್ಳುವಾಗ ಕಲಿತ ವಿದ್ಯೆ. ಕೆಲಸದಲ್ಲಿ ಕೈಯಿದ್ದಷ್ಟು ಹೊತ್ತು ನೋಡುವವರಿಗೆ ಅವನು ಹಳೆಯ ಬೋರಣ್ಣನೇ. ಅಂಗಡಿಯ ಸಾಬರು ಚಹಾ ತರಿಸಿಕೊಟ್ಟು "ಗಾಡಿ ಯಾರದ್ದು ಗೌಡ್ರೇ?" ಎಂದು ವಿಚಾರಿಸಿದರು. "ಮಗಂದು" ಎಂದ ಬೋರಣ್ಣ. ಅವನ ದನಿಯಲ್ಲಿ ಏನೂ ಇರಲಿಲ್ಲ.

ದಾರದ ಅಳತೆಗೆ ಎರಡು ಜೋಡಿಗಳು ಸರಿಬಂದವು. ಒಂದು ಟ್ಯಾಕ್ಸಿಯದು. ಭಾರ ಹೊತ್ತು ಹೊತ್ತು ಬಾಗೆಲ್ಲ ಹೋಗಿ ಹಲಗೆಯಂತೆ ಚಪ್ಪಟೆಯಾಗಿತ್ತು. ಇನ್ನೊಂದು ಯಾರೋ ಡಾಕ್ಟರ ಕಾರಿನದು, ಹುಟ್ಟಿನಿಂದಲೇ ಬಾಗು ಕಡಿಮೆ, ಕಸುವು ಹಾಗೆಯೇ ಇತ್ತು. ಬೋರಣ್ಣ ಚಪ್ಪಟೆಯಾದದ್ದರ ಮೇಲೆ ಕೈಯಿಟ್ಟ.

"ಇದೇ ಇರ್ಲಿ. ಪೂರಾ ನಾಕು ಬೆರಳು ಇಳೀತದೆ."

"ಇಳೀತದ್ರಿ. ಆದ್ರ ಇದು ಸತ್ತ ಕಮಾನು. ಮೈಲಿ ಓಡ್ಸಿದ್ರ ಮುರೀತದ. ಡಾಕ್ಟ್ರದ್ದು ಹಾಕೂಣ."

"ಅದ್ರಲ್ಲಿ ಎಷ್ಟು ಇಳೀತದೆ?"

"ಮೂರು ಬೆರಳು. ಒಂದು ಬೆರಳು ಕಡಿಮಿ ಬೀಳ್ತದ."

"ಓಡ್ಸೋರು ಯಾರಿದಾರೆ ಕೊಟ್ರಪ್ಪ? ಮುರಿದ್ರೆ ಏನು?"

ಕೊಟ್ರಪ್ಪನಿಗೆ ರೇಗಿತು. ಅಲ್ಲಿಯವರೆಗೆ ಗೌರವ ಕೊಟ್ಟು ಮಾತಾಡಿದವನು ದನಿ ಏರಿಸಿದ.

"ನೀವು ಏನಾರ ಅನ್ರಿ ಗೌಡ್ರ, ಮುರಿಯೋ ಕಮಾನು ನಾ ಹಾಕಂಗಿಲ್ಲ. ಈ ಗಾಡಿಗೆ ನಾ ಏನು ಹಾಕಿದ್ರೂ ಮುಟ್ಟಿ ನೋಡ್ತಿದ್ದ ನಿಮ್ಮ ಮಗ. ಅವನು ಇದನ್ನ ನೋಡಿದ್ರ ನನ್ನ ಮಕದ ಮ್ಯಾಲ ಒಗೀತಿದ್ದ."

ಬೋರಣ್ಣ ಚಪ್ಪಟೆಯಾದದ್ದರ ಮೇಲಿಂದ ಕೈ ತೆಗೆದ. ಮಗ ಸತ್ತ ಮೇಲೆ ಅವನ ಹೆಸರು ಹಿಡಿದು ತನ್ನನ್ನು ಗದರಿಸಿದವರು ಯಾರೂ ಇರಲಿಲ್ಲ. ಎಲ್ಲರೂ ಮೆತ್ತಗೆ ಮಾತಾಡುವವರೇ. ಆ ಗದರಿಕೆ ಅವನಿಗೆ ಒಳ್ಳೆಯದೆನಿಸಿತು, ಯಾಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಡಾಕ್ಟರ ಕಾರಿನ ಕಮಾನನ್ನು ತಾನೇ ಹೆಗಲಿಗೆ ಎತ್ತಿಕೊಂಡ. ಹಿಂದಿನ ಚಕ್ರಕ್ಕೆ ಒಂದು ಜೋಡಿ, ಅದೇ ಅಳತೆಯದು ಮುಂದಿನದಕ್ಕೂ ಹುಡುಕಿ ತೆಗೆದರು.

ಭಾನುವಾರ ಕೊಟ್ರಪ್ಪ ಹೊಂಗೆಮರದಡಿಯಲ್ಲೇ ಕೆಲಸ ಹಿಡಿದ. ಜಾಕಿ ಕೊಟ್ಟು ಗಾಡಿ ಎತ್ತಿ, ಹಳೇ ಕಮಾನು ಬಿಚ್ಚಿ, ಹೊಸದನ್ನು ಬಿಗಿದ. ಅಂದು ತಾನು ಬಿಚ್ಚಿಹಾಕಿದ್ದ ಸೀಟುಗಳನ್ನೂ ಮತ್ತೆ ಕೂರಿಸಿದ. ಸಂಜೆಯ ಹೊತ್ತಿಗೆ ಗಾಡಿ ನೆಲಕ್ಕೆ ಕೂತಿತು. ನಿಜವಾಗಿಯೂ ಕುಳ್ಳಾಗಿತ್ತು. ಬೀದಿಯ ಜನ ಸುಮ್ಮನಿರುತ್ತಾರೆಯೇ? ಸಾವಿನ ಮನೆಯಲ್ಲಿ ಇದೆಂಥ ಶೋಕಿ ಎಂದು ಕೆಲವರು ಮೂಗು ಮುರಿದರು. ಬೋರಣ್ಣನ ತಲೆ ಕೆಟ್ಟಿದೆ ಎಂದು ಉಳಿದವರು ತೀರ್ಪು ಕೊಟ್ಟರು. ನಾರಾಯಣಮ್ಮ ಮಧ್ಯಾಹ್ನದಿಂದ ಹೊಸಿಲ ಹತ್ತಿರ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಕಾಯಿ ಮುಗಿದ ಮೇಲೂ ಎದ್ದಿರಲಿಲ್ಲ.

ಕೊಟ್ರಪ್ಪ ಗಾಡಿಯನ್ನು ನಿಧಾನವಾಗಿ ಗೇಟಿನೊಳಕ್ಕೆ ತಂದು ತೊಲೆಯ ಮುಂದೆ ನಿಲ್ಲಿಸಿದ. ಬೋರಣ್ಣ ಕೈಯೆತ್ತಿ ಅಳೆದ. ಕೊಟ್ರಪ್ಪ ಹೇಳಿದ ಹಾಗೆಯೇ ಒಂದು ಬೆರಳು ಹೆಚ್ಚು.

"ಭಾರ ಬೇಕ್ರಿ" ಎಂದ ಕೊಟ್ರಪ್ಪ. "ಮಂದಿ ಕೂರ್ರಿ. ಆಗ ಇಳೀತದ."

ಯಾರೂ ಕೂರುವುದಿಲ್ಲ ಎಂದಿದ್ದ ಬೋರಣ್ಣನೇ ಮೊದಲು ಹತ್ತಿದ. ಕಾಂಪೌಂಡಿನಾಚೆ ನಿಂತು ನೋಡುತ್ತಿದ್ದ ಅನಂತಪದ್ಮನಾಭ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಬಂದವರಂತೆ ಸಂಕೋಚಪಡುತ್ತ ಎದುರು ಸೀಟಿನಲ್ಲಿ ಕೂತರು. ಕೊಟ್ರಪ್ಪ ಕತ್ತು ಹೊರಹಾಕಿ ನೋಡಿದ. ಇನ್ನೂ ಕೂದಲೆಳೆಯಷ್ಟು ಇತ್ತು. ಇನ್ನೊಬ್ಬರು ಬೇಕಿತ್ತು. ಬೀದಿಯವರನ್ನು ಕರೆಯಲು ಬೋರಣ್ಣನಿಗೆ ಮನಸ್ಸಿಲ್ಲ. ಹೆಂಡತಿಯನ್ನು ಕರೆಯಲು ಬಾಯಿಲ್ಲ.

ನಾರಾಯಣಮ್ಮ ಮಡಿಲಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಕೊಡವಿ ಎದ್ದಳು. ಪೋರ್ಟಿಕೋ ದಾಟಿ, ತೊಲೆಯ ಕೆಳಗಿಂದ ಬಂದು, ಗಾಡಿಯ ಹಿಂದಿನ ಬಾಗಿಲು ತೆಗೆದು ಹತ್ತಿ ಕೂತಳು. ಗಂಡನ ಪಕ್ಕದಲ್ಲೇ, ಆದರೆ ಅವನ ಕಡೆ ನೋಡದೆ. ಕಮಾನು ಕಿರ್ ಎಂದಿತು. ಕೊಟ್ರಪ್ಪ ಗಾಡಿ ಬಿಟ್ಟ. ತಲೆಯ ಮೇಲೆ ತೊಲೆ ಸವರಿದಂತೆ ಒಂದು ಚಿಕ್ಕ ಸದ್ದಾಯಿತು, ಅಷ್ಟೇ. ಗಾಡಿ ಒಳಗಿತ್ತು.

ಕೊಟ್ರಪ್ಪ ಇಂಜಿನ್ ಆರಿಸಿ ಇಳಿದ. ಅನಂತಪದ್ಮನಾಭ ಚಪ್ಪಲಿಯ ನೆಪದಲ್ಲಿ ಗೇಟಿನಾಚೆ ಹೋದರು. ಬೋರಣ್ಣ ಕಾದ. ಇಷ್ಟು ತಿಂಗಳು ಅವನು ಕಾದದ್ದು ಇದಕ್ಕೇ. ಹೆಂಡತಿ ಏನಾದರೊಂದು ಆಡಿದರೆ ಸಾಕು, ಬೈದರೂ ಸರಿ.

ನಾರಾಯಣಮ್ಮ ಗಾಡಿಯ ನೆಲ ನೋಡುತ್ತಿದ್ದಳು.

"ಅವತ್ತು ಅವನು ಇಲ್ಲೇ ಮಲಗಿದ್ದ" ಎಂದಳು. "ಮಲಗಿದ್ದೋನ್ನ ಕೈಮೇಲೆ ಎತ್ಕೊಂಡು ಬಂದಿದ್ರೆ ತೊಲೆ ತಗಲ್ತಿತ್ತಾ?"

ಬೋರಣ್ಣ ಗೇಟಿನ ಕಡೆ ನೋಡಿದ.

"ಇಲ್ಲ" ಎಂದ. "ತಗಲ್ತಿರ್ಲಿಲ್ಲ. ಅಣ್ಣ ಬೇಡ ಅಂದ. ಅಷ್ಟು ಜನದ ಎದುರಿಗೆ ಅವನ ಮಾತು ಮೀರೋಕೆ ನಂಗೆ ಧೈರ್ಯ ಬರ್ಲಿಲ್ಲ ಕಣೆ."

"ಹಂಗಂತ ಅವತ್ತೇ ಹೇಳ್ಬೇಕಾಗಿತ್ತು. ತೊಲೆ ಅಂದ್ರಿ, ನಾನು ಅಲ್ಲೇ ನಿಂತ್ಬಿಟ್ಟೆ. ಧೈರ್ಯ ಇಲ್ಲ ಅಂದಿದ್ರೆ..." ನಾರಾಯಣಮ್ಮನ ದನಿ ಒಂದಿಷ್ಟೂ ಏರಲಿಲ್ಲ. "ನಂಗಿತ್ತು. ನಾನೇ ಹೊತ್ಕೊಂಡು ಬರ್ತಿದ್ದೆ."

ಬೋರಣ್ಣ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಆಮೇಲೆ ಅವನು ಅತ್ತದ್ದು ಆಚೆ ಬೀದಿಯವರೆಗೂ ಕೇಳಿಸಿತು. ನಾರಾಯಣಮ್ಮ ಸಮಾಧಾನ ಹೇಳಲಿಲ್ಲ. ಗಾಡಿಯಿಂದ ಇಳಿದು ಒಳಗೂ ಹೋಗಲಿಲ್ಲ.